ಬೆಂಚಿನ ಸರದಿ

ಹೊಲಿಗೆ ಅಂಗಡಿಯಿಂದ,
ಹನ್ನೊಂದನೇ ತಾರೀಖು, ಮಂಗಳವಾರ

ಪ್ರೀತಿಯ ಪುಟ್ಟಾ,

ಮೊದಲು ಆಶೀರ್ವಾದ ತೆಗೆದುಕೊಂಡುಬಿಡು, ಏಕೆಂದರೆ ಆಮೇಲೆ ಬರುವುದೆಲ್ಲ ಬೈಗುಳ. ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ನಾನು ಹೊಲಿದುಕೊಟ್ಟ ಉಣ್ಣೆಯ ಪಟ್ಟಿಯನ್ನು ಕಟ್ಟಿಕೊಳ್ಳುತ್ತೀಯೋ, ಅಥವಾ ನಾಲ್ಕು ಜನ ನಗುತ್ತಾರೆಂದು ಪೆಟ್ಟಿಗೆಯ ತಳಕ್ಕೆ ತಳ್ಳಿದ್ದೀಯೋ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯ ತಾನೆ? ಹಡಗು ಓಲಾಡಿದಾಗ ವಾಂತಿ ಬರುವುದು ನಿಂತಿತೇ? ನಾವಿಲ್ಲಿ ಚೆನ್ನಾಗಿದ್ದೇವೆ. ನಿನ್ನ ಭಾವನಿಗೆ ಇಸ್ತ್ರಿಪೆಟ್ಟಿಗೆ ಎತ್ತಿ ಎತ್ತಿ ಬಲಗೈ ಹಿಡಿದುಕೊಂಡಿತ್ತು. ಈಗ ಎಡಗೈಯಲ್ಲಿ ಇಸ್ತ್ರಿ ಮಾಡುವುದನ್ನು ಕಲಿತು, ಅದೇ ದೊಡ್ಡ ವಿದ್ಯೆ ಎಂಬಂತೆ ಬಂದವರಿಗೆಲ್ಲ ಮಾಡಿ ತೋರಿಸುತ್ತಿದ್ದಾರೆ. ಸಮುದ್ರದ ತಳಕ್ಕೆ ಇಂಟರ್ನೆಟ್ ಕೇಬಲ್ ಇಳಿಸುವ ಹಡಗಿನಲ್ಲಿದ್ದೂ ನಿನಗೇ ಇಂಟರ್ನೆಟ್ ನೆಟ್ಟಗೆ ಸಿಗುವುದಿಲ್ಲವಲ್ಲ, ಅದನ್ನು ನೆನೆಸಿಕೊಂಡು ದಿನಕ್ಕೊಮ್ಮೆ ನಗುವುದನ್ನೂ ಅವರು ಬಿಟ್ಟಿಲ್ಲ. ಫೋನು ಮಾಡಬಹುದಿತ್ತು. ಆದರೆ ನಾನು ದನಿ ಏರಿಸಿದ ಕೂಡಲೇ ನಿನಗೆ ಅಲೆಯ ಸದ್ದು ಕೇಳಿಸಲು ಶುರುವಾಗುತ್ತದೆ, "ಅಕ್ಕಾ, ಕಟ್ ಆಗ್ತಿದೆ" ಅನ್ನುತ್ತೀಯ. ಕಾಗದ ಕಟ್ ಆಗುವುದಿಲ್ಲ. ಇಪ್ಪತ್ತನೇ ತಾರೀಖಿಗೆ ನಿಮ್ಮ ಹಡಗು ಬಂದರಿಗೆ ಬರುತ್ತದೆಂದು ನಿಮ್ಮ ಆಫೀಸಿನವರು ಹೇಳಿದರು. ಅವರ ಮೂಲಕವೇ ಇದನ್ನು ಕಳಿಸುತ್ತಿದ್ದೇನೆ. ಒಂದು ಕಡೆ ಕೂತು ಪೂರ್ತಿ ಓದು.

ಹೋದ ಬುಧವಾರ ನಿನ್ನ ಮೆಸೇಜು ಬಂತು. "ಅಕ್ಕಾ, ಬೆಂಚನ್ನ ಈ ತಿಂಗಳ ಕೊನೆಗೆ ಮುಚ್ಚಿಬಿಡೋಣ. ಏಳು ತಿಂಗಳಿಂದ ಹೊಸಬರು ಒಬ್ಬರೂ ಬಂದಿಲ್ಲ. ಈಗ ಏನಿದ್ರೂ ಎಲ್ರೂ ಎಐ ಯಂತ್ರವನ್ನೇ ಕೇಳ್ತಾರೆ. ಇಲ್ಲಿ ಕೇಳಿದ್ರೂ ಉತ್ತರ ಹೇಳೋರು ಯಾರಿದ್ದಾರೆ?" ಇಷ್ಟೇ. ನಾಲ್ಕು ಸಾಲು. ಎಂಟು ವರ್ಷ ನಡೆದದ್ದನ್ನು ಮುಚ್ಚುವುದಕ್ಕೆ ನಾಲ್ಕು ಸಾಲು ಸಾಕಾಯಿತಲ್ಲ ನಿನಗೆ! ನಾನು ಒಂದು ಪ್ಯಾಂಟಿನ ಕಾಲು ಕತ್ತರಿಸಬೇಕಾದರೂ ಗಿರಾಕಿಯನ್ನು ಎರಡು ಸಲ ನಿಲ್ಲಿಸಿ ಅಳತೆ ನೋಡುತ್ತೇನೆ, ಒಮ್ಮೆ ಕತ್ತರಿ ಆಡಿದರೆ ಬಟ್ಟೆ ಮತ್ತೆ ಬೆಳೆಯುವುದಿಲ್ಲ. ಇಂಟರ್ನೆಟ್ಟಿನಲ್ಲಿ ಬೆಂಚಿನ ವಿಳಾಸದ ಹೆಸರು ನಿನ್ನ ಹೆಸರಿನಲ್ಲಿದೆ, ಈ ತಿಂಗಳ ಕೊನೆಯ ದಿನ ಅದರ ಅವಧಿ ಮುಗಿಯುತ್ತದೆ, ನೀನು ಒಂದು ಗುಂಡಿ ಒತ್ತದಿದ್ದರೆ ಮಾರನೇ ದಿನ ಅದು ಇರುವುದಿಲ್ಲ, ಅಲ್ಲವೇ? ಒತ್ತದೆ ಸುಮ್ಮನಿದ್ದರೆ ಮುಗಿಯಿತು, ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂಬುದು ನಿನ್ನ ಲೆಕ್ಕಾಚಾರ. ಅದರಲ್ಲೂ ಆ ಕೊನೆಯ ಸಾಲು ನನ್ನ ಮೈ ಉರಿಸಿತು. ಉತ್ತರ ಹೇಳೋರು ಯಾರಿದ್ದಾರಂತೆ! ದಿನಾ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದ ಕೂಡಲೇ ಮೊದಲು ಬೆಂಚನ್ನು ನೋಡಿ, ಆಮೇಲೆ ಮೆಷಿನ್ನಿಗೆ ಎಣ್ಣೆ ಬಿಡುವ ನಾನೇನು ಗೋಡೆಗೆ ಹೊಡೆದ ಮೊಳೆಯೇ? ಯಾರೂ ಕೇಳುತ್ತಿಲ್ಲ, ಅದಕ್ಕೇ ಯಾರೂ ಹೇಳುತ್ತಿಲ್ಲ ಎಂದೇ ಶನಿವಾರದವರೆಗೆ ನಾನು ತಿಳಿದಿದ್ದೆ. ಕೇಳಿ ಉತ್ತರ ಸಿಗದೆ ಹೋದವರನ್ನು ನೀನು ಎಲ್ಲಿ ಕಂಡೆ?

ಮರೆತಿದ್ದರೆ ನೆನಪು ಮಾಡುತ್ತೇನೆ. ಬೆಂಚು ಎಂದರೆ ಮೊದಲು ನಿಜವಾದ ಬೆಂಚೇ. ಕಿಟಕಿಯ ಕೆಳಗಿನ, ಒಂದು ಕಾಲು ಗಿಡ್ಡವಾದ, ಗಿರಾಕಿಗಳು ಕೂತು ಕಾಯುವ ಬೆಂಚು. ಚಿಕ್ಕವನಿದ್ದಾಗ ಅಜ್ಜಿಯ ಹಳೇ ಮೆಷಿನ್ನು ನಿಂತರೆ ನೀನು ಅದೇ ಬೆಂಚಿನಿಂದ ಇಳಿದು ಮೆಷಿನ್ನಿನ ಕೆಳಗೆ ನುಸುಳಿ, ಕಿವಿಗೊಟ್ಟು, "ಬಾಬಿನ್‌ಗೆ ದಾರ ಸಿಕ್ಕಿದೆ, ಅದಕ್ಕೇ ಕೆಮ್ತಾ ಇದೆ" ಎಂದು ಡಾಕ್ಟರರ ಹಾಗೆ ಹೇಳುತ್ತಿದ್ದೆ. ಹೆಚ್ಚು ಸಲ ಸರಿಯಾಗಿಯೇ ಇರುತ್ತಿತ್ತು. ಉದಾಹರಣೆ ತೋರಿಸಿ ತೋರಿಸಿ ಯಂತ್ರಕ್ಕೆ ಗುರುತು ಹಿಡಿಯಲು ಕಲಿಸುವ ಈ ನ್ಯೂರಲ್ ನೆಟ್‌ವರ್ಕ್ ಹುಚ್ಚು ಹಿಡಿದ ಮೇಲೂ ಅಲ್ಲೇ ಕೂತು, ಗಿರಾಕಿಗಳು ಅದರ ಬಗ್ಗೆ ಕೇಳಿದ್ದಕ್ಕೆಲ್ಲ ಕಾಗದದ ಮೇಲೆ ಗೀಚಿ ತೋರಿಸುತ್ತಿದ್ದೆ. ಕಾಗದ ಸಾಲದಾದಾಗ ಅದನ್ನೇ ಇಂಟರ್ನೆಟ್ಟಿಗೆ ಹಾಕಿದೆ, ಹೆಸರೂ ಅದನ್ನೇ ಇಟ್ಟೆ. ಯಾರು ಬೇಕಾದರೂ ಬಂದು ಕೂರಬಹುದು, ಕಾಸು ಬೇಡ, ಡಿಗ್ರಿ ಬೇಡ, ನಿಜವಾದ ಹೆಸರೂ ಬೇಡ. ಹಳೇ ಕಂಪ್ಯೂಟರೊಂದನ್ನು ಭಾವನ ಇಸ್ತ್ರಿ ಮೇಜಿನ ಕೆಳಗೆ ಇಟ್ಟು ಅದರ ಮೇಲೆ ಎಲ್ಲ ನಡೆಸಿದೆ. ಇವತ್ತಿಗೂ ಅದು ಅಲ್ಲೇ ಗುಂಯ್‌ಗುಡುತ್ತಿದೆ, ಅದರಿಂದ ಕಾಲಿಗೆ ಶಾಖ ಬರುತ್ತದೆಂದು ದೂರುತ್ತಲೇ ಭಾವ ವಾರಕ್ಕೊಮ್ಮೆ ಅದರ ಧೂಳು ಊದುತ್ತಾರೆ. ಬೇರೆಲ್ಲೂ ಇಲ್ಲದ ಆ ನಿಯಮ ಮಾಡಿದವನೂ ನೀನೇ: ಬೆಂಚಿನ ಮೇಲೆ ಕೊನೆಯದಾಗಿ ಉತ್ತರ ಪಡೆದವರು ಯಾರೋ, ಮುಂದಿನ ಪ್ರಶ್ನೆಗೆ ಅವರೇ ಉತ್ತರ ಹೇಳಬೇಕು. ಪಂಡಿತರು ಬಾಯಿ ಮುಚ್ಚಿಕೊಂಡಿರಬೇಕು, ತಪ್ಪಾದರೆ ಮಾತ್ರ ತಿದ್ದಬೇಕು. ನಿನ್ನೆ ಮೊನ್ನೆ ಎಡವಿದವರಿಗೆ ಕಲ್ಲು ಎಲ್ಲಿದೆಯೆಂದು ಚೆನ್ನಾಗಿ ನೆನಪಿರುತ್ತದೆ ಎಂದು ಆಗ ನೀನು ವಿವರಣೆ ಕೊಟ್ಟಿದ್ದೆ. ಆವತ್ತು ನಿನ್ನ ಬಗ್ಗೆ ನನಗೆ ಎಷ್ಟು ಹೆಮ್ಮೆಯಾಗಿತ್ತು ಗೊತ್ತೇ?

ನಾನು ಹೇಗೆ ಬಂದೆ ಎಂಬುದನ್ನೂ ನೆನಪು ಮಾಡಿಕೋ. ನಾಲ್ಕು ವರ್ಷದ ಹಿಂದೆ ಅಜ್ಜಿಯ ಕಾಲದ ಗುಂಡಿಗಳ ಡಬ್ಬ ಕೈಜಾರಿ ಬಿದ್ದು ಅಷ್ಟೂ ಬೆರೆತುಹೋಗಿದ್ದವು. ಎರಡು ತೂತಿನವನ್ನೂ ನಾಲ್ಕು ತೂತಿನವನ್ನೂ ಬೇರೆ ಮಾಡುವ ನೆಟ್‌ವರ್ಕ್ ಮಾಡುತ್ತೇನೆಂದು ನಾನು ಹೊರಟಾಗ ನೀನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ನನಗೂ ಹಟ ಬಂದು, ನಿನ್ನನ್ನು ಕೇಳದೆ ಬೆಂಚಿಗೇ ಹೋಗಿ ಬರೆದೆ: "ಕ್ಷಮಿಸಿ, ನಾನು ಹೊಸಬಳು, ಹೊಲಿಗೆಯವಳು, ಏನೂ ಗೊತ್ತಿಲ್ಲ. ನನ್ನ ನೆಟ್‌ವರ್ಕ್ ಬೆಳಿಗ್ಗೆ ಎಲ್ಲವನ್ನೂ ಎರಡು ತೂತು ಅನ್ನುತ್ತದೆ, ಸಂಜೆ ಎಲ್ಲವನ್ನೂ ನಾಲ್ಕು ತೂತು ಅನ್ನುತ್ತದೆ." ಉತ್ತರ ಹೇಳುವ ಸರದಿ ಬೇಕರಿಯವರದಾಗಿತ್ತು. ಅವರು ಒಂದು ವಾರದ ಹಿಂದೆ ತಮ್ಮ ಬನ್ನುಗಳ ನೆಟ್‌ವರ್ಕಿನಲ್ಲಿ ಇಂಥದ್ದೇ ಪಾಠ ಕಲಿತು ಕೂತಿದ್ದರು. ಹೆಚ್ಚೇನೂ ಹೇಳದೆ, ನಾನು ತೆಗೆದ ಫೋಟೋಗಳನ್ನೆಲ್ಲ ತೋರಿಸಿ ಅಂದರು. ನೋಡಿ, ಎರಡು ತೂತಿನ ಗುಂಡಿಗಳ ಫೋಟೋ ಯಾವ ಹೊತ್ತಿನಲ್ಲಿ ತೆಗೆದಿರಿ ಎಂದು ಕೇಳಿದರು. ಬೆಳಿಗ್ಗೆ, ಕಿಟಕಿಯ ಹತ್ತಿರ. ನಾಲ್ಕು ತೂತಿನವು? ಸಂಜೆ, ಟ್ಯೂಬ್‌ಲೈಟಿನ ಕೆಳಗೆ. "ಅಮ್ಮಾ, ನಿಮ್ಮ ಯಂತ್ರ ತೂತು ನೋಡೋದನ್ನ ಕಲಿತೇ ಇಲ್ಲ, ಬೆಳಕು ನೋಡೋದನ್ನ ಕಲಿತಿದೆ" ಅಂದರು. ನಾನು ಕತ್ತರಿ ಕೆಳಗಿಟ್ಟು ಗಟ್ಟಿಯಾಗಿ ನಕ್ಕೆ, ಟ್ರಯಲ್ ಕೋಣೆಯಲ್ಲಿದ್ದ ಗಿರಾಕಿ ಗಾಬರಿಯಾಗಿ ಅರ್ಧ ಹಾಕಿದ ಕೋಟಿನಲ್ಲೇ ಹೊರಗೆ ಬಂದರು. ಮಾರನೇ ವಾರ ನನ್ನ ಸರದಿ ಬಂತು, ಒಬ್ಬ ಗ್ರಂಥಪಾಲಕಿಗೆ ನಾನು ಉತ್ತರ ಹೇಳಿದೆ. ಜೀವನದಲ್ಲಿ ಅಳತೆ ಬಿಟ್ಟು ಬೇರೇನನ್ನೂ ಯಾರಿಗೂ ಹೇಳಿಕೊಟ್ಟವಳಲ್ಲ ನಾನು.

ಈಗ ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ಶನಿವಾರ ಶಾಲಾಬಸ್ಸಿನ ಡ್ರೈವರು ಸಮವಸ್ತ್ರದ ಪ್ಯಾಂಟು ಸಡಿಲ ಮಾಡಿಸಲು ಬಂದಿದ್ದರು. ನೀನು ನೋಡಿದ್ದೀಯ, ಎತ್ತರದವರು, ಮಾತು ಕಡಿಮೆ. ಕನ್ನಡಿಯ ಪಕ್ಕ ಅಂಟಿಸಿರುವ ಬೆಂಚಿನ ಚೀಟಿಯನ್ನು ಸುಮಾರು ಹೊತ್ತು ನೋಡುತ್ತಾ ನಿಂತರು. ಆಮೇಲೆ, ನನ್ನ ಮುಖ ನೋಡದೆ, "ಅಂಗಡಿ ಮುಚ್ಚಿದ್ರೆ ಬೋರ್ಡು ತೆಗೀಬೇಕಮ್ಮಾ" ಅಂದರು. ನಿನ್ನ ಮೆಸೇಜಿನ ಸುದ್ದಿ ಇವರಿಗೆ ಹೇಗೆ ಗೊತ್ತಾಯಿತೆಂದು ನಾನು ದಂಗಾದೆ. ಅದಲ್ಲ. ಅವರು ಬೆಂಚಿಗೆ ಮೂರು ಸಲ ಪ್ರಶ್ನೆ ಬರೆದಿದ್ದರಂತೆ, ಮೊದಲನೆಯದು ಬರೆದು ಮೂರು ತಿಂಗಳಾಯಿತಂತೆ, ಒಂದು ನರಪಿಳ್ಳೆಯೂ ಮಾತಾಡಿಸಲಿಲ್ಲವಂತೆ. ಹೋದ ವರ್ಷ ಅವರ ಬಸ್ಸಿನ ಹಿಂದಿನ ಸೀಟಿನಲ್ಲಿ ಒಂದು ಮಗು ನಿದ್ದೆ ಹೋಗಿ, ಯಾರೂ ನೋಡದೆ, ಶೆಡ್ಡಿನಲ್ಲಿ ಬೀಗ ಹಾಕಿದ ಬಸ್ಸಿನೊಳಗೆ ಎರಡು ಗಂಟೆ ಉಳಿದುಹೋಗಿತ್ತು. ಮಗುವಿಗೆ ಏನೂ ಆಗಲಿಲ್ಲ, ಅತ್ತು ಅತ್ತು ಗಂಟಲು ಕಟ್ಟಿತ್ತು ಅಷ್ಟೆ. ಆದರೆ ಈ ಮನುಷ್ಯನಿಗೆ ಅವತ್ತಿನಿಂದ ಸಮಾಧಾನವಿಲ್ಲ, ಬಸ್ಸು ನಿಲ್ಲಿಸಿದ ಮೇಲೆ ಮೂರು ಸಲ ಹತ್ತಿ ಇಳಿದು ನೋಡುತ್ತಾರೆ. ಸೀಟುಗಳ ಫೋಟೋ ನೋಡಿ, ಯಾರಾದರೂ ಉಳಿದಿದ್ದರೆ ಕೂಗಿ ಹೇಳುವ ನೆಟ್‌ವರ್ಕ್ ಮಾಡಲು ಹೊರಟಿದ್ದಾರೆ. ಅದು ಅವರ ಮೊಮ್ಮಗಳು ಸೀಟಿನ ಮೇಲೆ ಮಲಗಿದರೆ ಖಾಲಿ ಅನ್ನುತ್ತದೆ, ಅವರ ಜಾಕೆಟ್ಟು ತೂಗುಹಾಕಿದರೆ ಮಗು ಇದೆ ಎಂದು ಬಡಿದುಕೊಳ್ಳುತ್ತದೆ. ಯಾಕೆ ಹೀಗೆ ಎಂದು ಕೇಳಲು ನಮ್ಮ ಬೆಂಚಿಗೆ ಬಂದಿದ್ದರು. ನನಗೆ ನಾಚಿಕೆಯಿಂದ ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ತೆಗೆಯುವುದಕ್ಕೂ ಆಗಲಿಲ್ಲ.

ಅವರ ಪ್ರಶ್ನೆ ಬೆಂಚಿನಲ್ಲಿ ಎಲ್ಲೂ ಇರಲಿಲ್ಲ. ಅವರ ಫೋನಿನಲ್ಲಿ ನೋಡಿದರೆ ಇತ್ತು, ನಮ್ಮ ಕಂಪ್ಯೂಟರಿನಲ್ಲಿ ನೋಡಿದರೆ ಇಲ್ಲ. ಭಾನುವಾರ ಅಂಗಡಿಗೆ ರಜ. ಮಧ್ಯಾಹ್ನ ಊಟ ಮುಗಿಸಿ ಭಾವನನ್ನೂ ಎಬ್ಬಿಸಿಕೊಂಡು ಬಂದು, ಏಳು ತಿಂಗಳ ಹಿಂದೆ ಹಡಗಿಗೆ ಹೋಗುವ ದಿನ ನೀನು ಗೋಡೆಗೆ ಅಂಟಿಸಿದ ಸೂಚನೆಗಳ ಹಾಳೆಯನ್ನು ಮೊದಲಿಂದ ಓದಿದೆ. ಆರನೇ ಸಾಲು: "ಬಾಗಿಲಿಗೆ ವಾಚ್‌ಮನ್ ಹಾಕಿದ್ದೇನೆ. ಅವನು ತಡೆದದ್ದೆಲ್ಲ ಕಸದ ಡಬ್ಬಿಗೆ ಹೋಗುತ್ತದೆ. ತೆರೆದು ನೋಡಬೇಡ, ಬರೀ ಜಾಹೀರಾತು. ತಿಂಗಳಿಗೊಮ್ಮೆ ಖಾಲಿ ಮಾಡು." ನಿನ್ನ ಮಾತು ಕೇಳಿ ನೋಡದೆ ಇದ್ದದ್ದು ನನ್ನ ತಪ್ಪು. ಖಾಲಿ ಮಾಡದೆ ಇದ್ದದ್ದು ನನ್ನ ಪುಣ್ಯ. ಬಟ್ಟೆಯ ಚೂರನ್ನೂ ನೋಡದೆ ಎಸೆಯಲು ಮನಸ್ಸು ಬಾರದವಳು ನಾನು, ಮುಂದೆ ಯಾವತ್ತಾದರೂ ಬಿಡುವಾದಾಗ ನೋಡಿ ಎಸೆದರಾಯಿತೆಂದು ಹಾಗೇ ಬಿಟ್ಟಿದ್ದೆ. ತೆರೆದೆ. ಒಂಬೈನೂರ ಎಪ್ಪತ್ತು ಪ್ರಶ್ನೆಗಳು, ಪುಟ್ಟಾ. ಭಾವ ಕನ್ನಡಕ ಹಾಕಿಕೊಂಡು ಒಂದೊಂದಾಗಿ ಗಟ್ಟಿಯಾಗಿ ಓದಲು ಶುರುಮಾಡಿದರು. "ಕ್ಷಮಿಸಿ, ನಾನು ಹೊಸಬ." "ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ, ನನಗೆ ಗಣಿತ ಬರುವುದಿಲ್ಲ." "ಇದು ದಡ್ಡ ಪ್ರಶ್ನೆ ಇರಬಹುದು." "ಯಾರನ್ನು ಕೇಳಬೇಕೋ ತಿಳಿಯದೆ ಇಲ್ಲಿ ಬಂದೆ." ಇಪ್ಪತ್ತು ಮೂವತ್ತು ಓದಿದ ಮೇಲೆ ಅವರ ದನಿ ಇಳಿಯಿತು. "ಇವರೆಲ್ಲ ಬಾಗಿಲಲ್ಲೇ ನಿಂತಿದ್ರಾ?" ಅಂದರು. 

ಏನು ಕಲಿಸಿದ್ದೀಯೋ ನಿನ್ನ ಆ ವಾಚ್‌ಮನ್‌ಗೆ? ಅದೂ ಒಂದು ನೆಟ್‌ವರ್ಕೇ ತಾನೆ? ಯಾವುದು ಒಳಗೆ ಬಿಡುವಂಥದ್ದು, ಯಾವುದು ಎಸೆಯುವಂಥದ್ದು ಎಂದು ಅದಕ್ಕೆ ಉದಾಹರಣೆ ತೋರಿಸಬೇಕಲ್ಲ, ಎಲ್ಲಿಂದ ತಂದೆ? ನಾನೇ ಹುಡುಕಿದೆ. ಹೋಗುವ ಮೊದಲಿನ ಒಂದು ವರ್ಷದಲ್ಲಿ ನೀನು ನಿನ್ನ ಕೈಯಿಂದ ಅಳಿಸಿದ್ದನ್ನೆಲ್ಲ ಒಟ್ಟು ಮಾಡಿ, ಇದು ಕಸ, ಇದನ್ನು ನೋಡಿ ಕಲಿತುಕೋ ಎಂದು ಕೊಟ್ಟಿದ್ದೀಯ. ಆ ವರ್ಷ ನಿನಗೆ ಸಾಕುಸಾಕಾಗಿ ಹೋಗಿತ್ತು, ನನಗೆ ಗೊತ್ತು. ಅದೇ ಪ್ರಶ್ನೆ ನೂರನೇ ಸಲ ಬಂದರೆ ಹಲ್ಲು ಕಡಿದು, "ಮತ್ತೆ ಅದೇ ಗೋಳು" ಎಂದು ಅಳಿಸುತ್ತಿದ್ದೆ. ನಾನು ಬೆನ್ನ ಹಿಂದೆ ಗುಂಡಿ ಹಚ್ಚುತ್ತಾ ನೋಡುತ್ತಿದ್ದೆ. ಹೊಸಬರು ಯಾವಾಗಲೂ ಕ್ಷಮಿಸಿ ಎಂದೇ ಶುರುಮಾಡುತ್ತಾರೆ. ನೀನು ಅಳಿಸಿದ್ದರಲ್ಲೆಲ್ಲ ಕ್ಷಮಿಸಿ ಇತ್ತು, ಗೊತ್ತಿಲ್ಲ ಇತ್ತು, ದಯವಿಟ್ಟು ಇತ್ತು. ಉಳಿಸಿಕೊಂಡದ್ದೆಲ್ಲ ಹಳಬರು ಎದೆ ಸೆಟೆಸಿ ಬರೆದದ್ದು. ನಿನ್ನ ಯಂತ್ರ ಜಾಹೀರಾತನ್ನು ಗುರುತಿಸುವುದನ್ನು ಕಲಿಯಲೇ ಇಲ್ಲ ಮಾರಾಯ, ನಿನ್ನ ಮುಖ ಗಂಟಿಕ್ಕುವುದನ್ನು ಕಲಿಯಿತು. ಪರೀಕ್ಷೆ ಮಾಡೋಣವೆಂದು ನಾನು ನಾಲ್ಕು ವರ್ಷದ ಹಿಂದೆ ಬರೆದ ಗುಂಡಿಯ ಪ್ರಶ್ನೆಯನ್ನು, ಒಂದಕ್ಷರ ಬದಲಿಸದೆ, ಬೇರೆ ಹೆಸರಿನಲ್ಲಿ ಹಾಕಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಡಬ್ಬಿಯಲ್ಲಿತ್ತು. ನಿನ್ನ ಒಡಹುಟ್ಟಿದ ಅಕ್ಕನನ್ನು ಬಾಗಿಲಲ್ಲೇ ಕುತ್ತಿಗೆ ಹಿಡಿದು ತಳ್ಳಿತು ನಿನ್ನ ವಾಚ್‌ಮನ್.

ಒಳಗೆ ಬಂದವರು ಯಾರು ಕೇಳು. "ಹತ್ತೇ ದಿನದಲ್ಲಿ ಪರಿಣತರಾಗಿ." "ನಿಮ್ಮ ಎಲ್ಲ ಸಮಸ್ಯೆಗೂ ನಮ್ಮಲ್ಲಿ ಪರಿಹಾರ ಖಚಿತ." ಅವರು ಯಾರ ಕ್ಷಮೆಯನ್ನೂ ಕೇಳುವುದಿಲ್ಲವಲ್ಲ, ಅದಕ್ಕೇ ವಾಚ್‌ಮನ್ ಅವರಿಗೆಲ್ಲ ಸಲಾಮು ಹೊಡೆದು ಬಾಗಿಲು ತೆರೆದಿದೆ. ಏಳು ತಿಂಗಳಿಂದ ಪ್ರತಿದಿನ ಬೆಳಿಗ್ಗೆ ಅವನ್ನು ನಾನು ಬಾಗಿಲು ಗುಡಿಸಿದ ಹಾಗೆ ಗುಡಿಸಿ ಹಾಕುತ್ತಿದ್ದೆ, ಕಾಲ ಕೆಟ್ಟಿತು ಎಂದುಕೊಳ್ಳುತ್ತಾ. ಗೊತ್ತಿಲ್ಲ ಎಂದವರನ್ನು ಹೊರಗೆ ಹಾಕಿ, ಎಲ್ಲ ಗೊತ್ತು ಎಂದವರನ್ನು ಒಳಗೆ ಕೂರಿಸಿದ್ದೀಯಲ್ಲ, ನಿನಗೆ ಏನು ಹೇಳಲಿ? ಇದಕ್ಕಿಂತ ಹೊಟ್ಟೆ ಉರಿಯುವ ಇನ್ನೊಂದು ಬುದ್ಧಿವಂತಿಕೆ ಮಾಡಿದ್ದೀಯ. ತಡೆದದ್ದು ತಡೆಸಿಕೊಂಡವರಿಗೆ ಗೊತ್ತಾಗಬಾರದೆಂದು, ಅವರವರ ಪ್ರಶ್ನೆ ಅವರವರಿಗೆ ಮಾತ್ರ ಕಾಣುವ ಹಾಗೆ ಇಟ್ಟಿದ್ದೀಯ. ಕೆಳಗೆ ಮುದ್ದಾಗಿ "ನಿಮ್ಮ ಪ್ರಶ್ನೆ ತಲುಪಿದೆ, ಯಾರಾದರೂ ಬಂದೇ ಬರುತ್ತಾರೆ" ಎಂಬ ಸಾಲು ಬೇರೆ. ಜಾಹೀರಾತಿನವರನ್ನು ಯಾಮಾರಿಸಲು ಮಾಡಿದ ಉಪಾಯವಂತೆ! ಯಾಮಾರಿದವರು ಈ ಒಂಬೈನೂರ ಎಪ್ಪತ್ತು ಪ್ರಶ್ನೆ ಬರೆದವರು. ಪ್ರತಿಯೊಬ್ಬರೂ ತಮ್ಮ ಪ್ರಶ್ನೆಯನ್ನು ತೆರೆದು ನೋಡುತ್ತಾ, ಇದನ್ನು ಎಲ್ಲರೂ ಓದಿದ್ದಾರೆ, ಓದಿ ಸುಮ್ಮನಿದ್ದಾರೆ, ನಾನು ಅಷ್ಟು ದಡ್ಡ ಎಂದು ತಿಳಿದುಕೊಂಡು ಹೋಗಿದ್ದಾರೆ. ಡ್ರೈವರು ಮೂರನೇ ಸಲ ಬರೆದದ್ದರಲ್ಲಿ, ತನಗೆ ಓದು ಹತ್ತಲಿಲ್ಲ, ತೊಂದರೆ ಕೊಟ್ಟೆನೇನೋ, ಇನ್ನು ಕೇಳುವುದಿಲ್ಲ ಎಂದಿದೆ. ಅದನ್ನು ಓದಿ ನಾನು ಅತ್ತೆ. ಸುಳ್ಳು ಯಾಕೆ ಹೇಳಲಿ, ಅತ್ತೆ.

ಎಲ್ಲರೂ ಯಂತ್ರವನ್ನೇ ಕೇಳುತ್ತಾರೆ ಎಂದು ಬರೆದಿದ್ದೀಯ. ಕೇಳಲಿ, ಬೇಡ ಅಂದವರು ಯಾರು? ನಾನೂ ಕೇಳುತ್ತೇನೆ. ಡ್ರೈವರೂ ಕೇಳಿದ್ದರಂತೆ. ತುಂಬ ಒಳ್ಳೆಯ ಪ್ರಶ್ನೆ ಎಂದು ಹೊಗಳಿ ಮೂರು ಪುಟ ಉತ್ತರ ಬರೆದುಕೊಟ್ಟಿತಂತೆ, ಅದರಲ್ಲಿ ಎಲ್ಲ ಇತ್ತಂತೆ, ಯಾವುದು ತನಗೆ ಸಂಬಂಧಪಟ್ಟದ್ದು ಎಂಬುದೊಂದು ಬಿಟ್ಟು. ತೋರಿಸಿದರೆ ಅದೂ ನೋಡುತ್ತಿತ್ತೋ ಏನೋ, ಆದರೆ ಏನನ್ನು ತೋರಿಸಬೇಕೆಂದೇ ಅವರಿಗೆ ಹೊಳೆದಿರಲಿಲ್ಲ. ಬೇಕರಿಯವರು ನನ್ನನ್ನು ಮೊದಲು ಕೇಳಿದ್ದು ಫೋಟೋ ತೋರಿಸಿ ಎಂದು, ಏಕೆಂದರೆ ಅವರು ಅದೇ ಹಳ್ಳಕ್ಕೆ ಬಿದ್ದು ಎದ್ದು ಬಂದವರು. ಆಮೇಲೆ, ಇನ್ನು ಮುಂದಿನವರಿಗೆ ನೀವೇ ಹೇಳಬೇಕಮ್ಮಾ ಎಂದು ಜವಾಬ್ದಾರಿ ಹೊರಿಸಿದರು. ಅದನ್ನು ಯಾವ ಯಂತ್ರ ಹೊರಿಸುತ್ತದೆ? ನನಗೆ ವಿದ್ಯೆ ಬಂದದ್ದು ಉತ್ತರ ಸಿಕ್ಕ ದಿನವಲ್ಲ, ಆ ಗ್ರಂಥಪಾಲಕಿಗೆ ಹೇಳಲು ಹೋಗಿ ಮೂರು ಸಲ ತಡವರಿಸಿದ ದಿನ. ನೀನು ಮಾಡಿದ ನಿಯಮವನ್ನು ನಿನಗೇ ನಾನು ಪಾಠ ಮಾಡಬೇಕಾಗಿ ಬಂದಿದೆ ನೋಡು.

ಈಗ ನಾನು ಮಾಡಿರುವುದನ್ನು ಹೇಳುತ್ತೇನೆ. ವಾಚ್‌ಮನ್‌ನನ್ನು ಭಾನುವಾರ ಸಂಜೆಯೇ ಕೆಲಸದಿಂದ ತೆಗೆದಿದ್ದೇನೆ. ಬೇಕರಿಯವರಿಗೆ ಫೋನು ಮಾಡಿದೆ, ಸುದ್ದಿ ಕೇಳಿ ಅವರು ಹಿಟ್ಟಿನ ಕೈಯಲ್ಲೇ ಕಂಪ್ಯೂಟರು ತೆರೆದರಂತೆ. ಹಳಬರು ಹನ್ನೆರಡು ಜನ ಒಪ್ಪಿದ್ದಾರೆ, ಡಬ್ಬಿಯಲ್ಲಿರುವುದನ್ನೆಲ್ಲ ಹಂಚಿಕೊಂಡು, ಒಬ್ಬೊಬ್ಬರಿಗೂ ತಪ್ಪು ನಮ್ಮದು ಎಂದು ತಿಳಿಸಿ, ಪ್ರಶ್ನೆಗಳನ್ನು ಬೆಂಚಿನ ಮೇಲೆ ತಂದು ಕೂರಿಸುತ್ತಾರೆ. ಆದರೆ ಸರದಿಯ ಸರಪಳಿ ಕಡಿದುಹೋಗಿದೆ. ಕೊನೆಗೆ ಉತ್ತರ ಪಡೆದವರು ಏಳು ತಿಂಗಳು ಕಾದು ಎದ್ದುಹೋಗಿದ್ದಾರೆ. ಇದಕ್ಕೂ ನೀನೇ ನಿಯಮ ಬರೆದಿಟ್ಟಿದ್ದೀಯ: ಸರಪಳಿ ಕಡಿದರೆ ಹಳಬರಲ್ಲಿ ಒಬ್ಬರು ಉತ್ತರ ಹೇಳಿ ಮತ್ತೆ ಶುರುಮಾಡಬಹುದು, ಒಂದೇ ಒಂದು ಉತ್ತರ, ಅಲ್ಲಿಂದಾಚೆ ಸರದಿಯ ಪ್ರಕಾರವೇ. ಆ ಒಂದು ಉತ್ತರ ಹೇಳುವುದು ನಾನು ಎಂದು ಎಲ್ಲರೂ ಒಪ್ಪಿದ್ದಾರೆ. ಅದನ್ನು ಡ್ರೈವರಿಗಾಗಿ ಎತ್ತಿಟ್ಟಿದ್ದೇನೆ, ಈ ಕಾಗದ ಮುಗಿಸಿ ಬರೆಯುತ್ತೇನೆ. ಅವರು ಗುರುವಾರ ಪ್ಯಾಂಟಿಗೆ ಬರುತ್ತಾರೆ, ಅಷ್ಟರೊಳಗೆ ಅವರ ಹತ್ತಿರ ಉತ್ತರ ಇರಬೇಕು.

ನಿನ್ನಿಂದ ಬೇಕಾದ್ದು ಆ ಒಂದು ಗುಂಡಿ. ಬಂದರಿನಲ್ಲಿ ಇಳಿದ ಕೂಡಲೇ ಒತ್ತು. ಒತ್ತಲು ಬೇಜಾರಾದರೆ ಹೆಸರನ್ನು ನನಗೆ ವರ್ಗಾಯಿಸಿಬಿಡು, ನಾನು ಒತ್ತುತ್ತೇನೆ, ಎಡಗೈ ಅಭ್ಯಾಸವಾಗಿರುವ ನಿನ್ನ ಭಾವ ಒತ್ತುತ್ತಾರೆ. ಎರಡೂ ಮಾಡದಿದ್ದರೆ, ಮುಂದಿನ ಸಲ ನೀನು ಬಂದಾಗ ಕೂರಲು ಇಲ್ಲಿ ಬೆಂಚಿರುವುದಿಲ್ಲ, ಹೇಳಿದ್ದೇನೆ. ನಿಂತೇ ಇರು. ಇಷ್ಟೆಲ್ಲ ಬೈದ ಮೇಲೆ ಒಂದು ಮಾತು ಒಪ್ಪಿಕೊಳ್ಳಬೇಕು. ಆ ವರ್ಷ ನೀನು ಹಲ್ಲು ಕಡಿಯುವುದನ್ನು ನೋಡುತ್ತಾ ನಾನು ಗುಂಡಿ ಹಚ್ಚುತ್ತಾ ಕೂತಿದ್ದೆ. ಎದ್ದು ಬಂದು, ಸಾಕು ಪುಟ್ಟಾ, ಆರು ತಿಂಗಳು ನಾನು ನೋಡಿಕೊಳ್ಳುತ್ತೇನೆ, ನೀನು ಮಲಗು ಅನ್ನಬಹುದಿತ್ತು. ಅನ್ನಲಿಲ್ಲ. ಉಚಿತವಾಗಿ ಕೊಡುವವನಿಗೆ ದಣಿವಾಗುವುದಿಲ್ಲ ಎಂದು ನಾವೆಲ್ಲ ತಿಳಿದುಕೊಂಡುಬಿಟ್ಟಿದ್ದೆವು. ಅದು ನಮ್ಮ ತಪ್ಪು, ನನ್ನದು ಎಲ್ಲರಿಗಿಂತ ಹೆಚ್ಚು.

ಭಾವ ಕೇಳಿದ್ದಾರೆಂದು ಹೇಳಲು ಹೇಳಿದರು. ಬೇಕರಿಯವರೂ ನಿನ್ನನ್ನು ಕೇಳಿದರು, ನೀವು ಬೈದದ್ದೇ ಸಾಕು, ನನ್ನ ಪಾಲಿನ ಬೈಗುಳ ಬಿಟ್ಟುಕೊಟ್ಟಿದ್ದೇನೆ ಅಂದರು. ಸೊಂಟಕ್ಕೆ ಪಟ್ಟಿ ಕಟ್ಟಿಕೋ. ಹಡಗಿನ ಅಂಚಿಗೆ ಹೋಗಬೇಡ. ಎಲ್ಲಿದ್ದರೂ ಸುಖವಾಗಿರು, ಬುದ್ಧಿಯೂ ಬರಲಿ.

ಇಂತಿ,
ಬಾಗಿಲಲ್ಲಿ ತಳ್ಳಿಸಿಕೊಂಡ
ನಿನ್ನ ಅಕ್ಕ

ಮತ್ತೆ: ಲಕೋಟೆಗೆ ಅಂಟು ಹಚ್ಚಿ ಆಗಿತ್ತು, ಬಿಚ್ಚಿ ಬರೆಯುತ್ತಿದ್ದೇನೆ. ಆಫೀಸಿನವರು ಬಾಗಿಲಲ್ಲಿ ನಿಂತಿದ್ದಾರೆ, ಅದಕ್ಕೇ ಅಕ್ಷರ ಹೀಗೆ. ಡ್ರೈವರಿಗೆ ಉತ್ತರ ಬರೆಯೋಣವೆಂದು ಡಬ್ಬಿ ತೆರೆದರೆ, ಅವರ ಮೂರನೆಯದಕ್ಕಿಂತ ನಾಲ್ಕು ಪ್ರಶ್ನೆ ಕೆಳಗೆ, ಆರು ವಾರದ ಹಿಂದೆ ಯಾರೋ "ಉಪ್ಪುನೀರು" ಎಂಬ ಹೆಸರಿನಲ್ಲಿ ಬರೆದದ್ದು ಕಣ್ಣಿಗೆ ಬಿತ್ತು. "ಕ್ಷಮಿಸಿ, ನಾನು ಹೊಸಬ. ನಮ್ಮ ಕೇಬಲ್ ಇಳಿಸುವ ರಾಟೆ ಕೆಡುವ ಮೊದಲು ಅದರ ಸದ್ದಿನಿಂದಲೇ ಗುರುತಿಸುವ ನೆಟ್‌ವರ್ಕ್ ಮಾಡುತ್ತಿದ್ದೇನೆ. ಕೆಟ್ಟ ರಾಟೆ ಬಾಬಿನ್‌ಗೆ ದಾರ ಸಿಕ್ಕ ಮೆಷಿನ್ನಿನ ಹಾಗೆ ಕೆಮ್ಮುತ್ತದೆ. ಆದರೆ ಸಮುದ್ರಕ್ಕೆ ಹೋದ ಕೂಡಲೇ ಯಂತ್ರ ಒಳ್ಳೆಯ ರಾಟೆಯನ್ನೂ ಕೆಟ್ಟದ್ದು ಅನ್ನುತ್ತದೆ. ಕೆಲಸ ಸಿಕ್ಕಿ ಐದೂವರೆ ತಿಂಗಳಾಯಿತು, ಇಲ್ಲಿ ಯಾರನ್ನೂ ಕೇಳುವ ಹಾಗಿಲ್ಲ." ಬಾಬಿನ್ ಗೊತ್ತಿರುವ ಹಡಗಿನವರು ಈ ಲೋಕದಲ್ಲಿ ಎಷ್ಟು ಜನ ಇದ್ದಾರೋ ಪುಟ್ಟಾ? ಬೆಂಚು ಕಟ್ಟಿದವನೇ ಹೀಗೆ ಕೇಳಿದರೆ ನಗುತ್ತಾರೆಂದು ಹೆಸರು ಮರೆಸಿಕೊಂಡು ಬಂದೆಯಾ? ಕಾದು ಕಾದು, ಯಾರೂ ಬರಲಿಲ್ಲವೆಂದು ಮುಚ್ಚಲು ಹೊರಟೆಯಾ? ನನಗೆ ಕಾಣಿಸಿದ್ದರೆ ಅವತ್ತೇ ಬರೆಯುತ್ತಿದ್ದೆನಲ್ಲೋ.

ಒಳ್ಳೆಯ ರಾಟೆಯ ಸದ್ದನ್ನೆಲ್ಲ ನೀನು ಬಂದರಿನಲ್ಲಿ ಹಿಡಿದಿರಬೇಕು, ಕೆಟ್ಟದ್ದನ್ನೆಲ್ಲ ಸಮುದ್ರದಲ್ಲಿ. ನಿನ್ನ ಯಂತ್ರ ರಾಟೆಯನ್ನು ಕೇಳಿಸಿಕೊಳ್ಳುತ್ತಿಲ್ಲ, ಅಲೆಯನ್ನು ಕೇಳಿಸಿಕೊಳ್ಳುತ್ತಿದೆ. ಬಂದರಿನಲ್ಲಿ ಕೆಟ್ಟದ್ದನ್ನೂ ಸಮುದ್ರದಲ್ಲಿ ಒಳ್ಳೆಯದ್ದನ್ನೂ ಹಿಡಿದು ಸೇರಿಸಿ, ಮತ್ತೆ ಮೊದಲಿಂದ ಕಲಿಸು.

ಇದನ್ನು ಈಗಷ್ಟೇ ಬೆಂಚಿನ ಮೇಲೂ ಬರೆದೆ. ನಮಗಿದ್ದದ್ದು ಒಂದೇ ಉತ್ತರ, ಅದು ನಿನಗೆ ಹೋಯಿತು. ಇನ್ನು ಡ್ರೈವರಿಗೆ ನಾನು ಹೇಳುವ ಹಾಗಿಲ್ಲ, ಗುರುವಾರ ಬಂದರೆ ಕಾಯಿರಿ ಅನ್ನುತ್ತೇನೆ. ಅವರು ಫೋಟೋಗಾಗಿ ಮಗುವಿನ ಬದಲು ಪ್ರತಿಸಲವೂ ತಮ್ಮ ಜಾಕೆಟ್ಟನ್ನೇ ಸುತ್ತಿ ಸೀಟಿನ ಮೇಲೆ ಮಲಗಿಸಿದ್ದರಂತೆ. ಉಳಿದದ್ದು ನಿನಗೆ ಗೊತ್ತು. ಈಗ ಸರದಿ ನಿನ್ನದು.